ಇಂಗ್ಲಿಷ್ ಮಾಸ್ತರರ ‘ಸಂಸ್ಕಾರ’

ಚಿತ್ರರಸಿಕರಿಗೆ ಈ ವಾರ ಒಂದು ಪ್ರಶ್ನೆ. 1970ರ ‘ಸಂಸ್ಕಾರ’ ಚಿತ್ರದ ಬಳಗದಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸಿದ ಮಾಸ್ತರರು ಎಷ್ಟು ಮಂದಿ?

ಲೆಕ್ಕ ಹಾಕ್ರಿ. ಕಥೆ ಬರೆದ ಅನಂತಮೂರ್ತಿ ಒಬ್ಬರು. ನಾರಣಪ್ಪನ ಪಾತ್ರ ಮಾಡಿದ ಲಂಕೇಶ್ ಎರಡನೆಯವರು. ಸಂಗೀತ ಕೊಟ್ಟ ಸರೋದ್ ವಾದಕ ರಾಜೀವ ತಾರಾನಾಥ ಮೂರನೆಯವರು. ಎಲಿಯಟ್ ಕವಿಯ ಮೇಲೆ ಡಾಕ್ಟರೇಟ್ ಮಾಡಿದ್ದ ಪಂಡಿತರು ಅವರು! ಇಷ್ಟೆಲ್ಲಾ ಇಂಗ್ಲಿಷ್ ಓದಿದವರು ಸೇರಿ ತೆರೆಯ ಮೇಲೆ ತೋರಿಸಿದ್ದೇನು? ಲಂಡನ್ ಅಲ್ಲ, ನಮ್ಮದೇ ಅಗ್ರಹಾರ.

ಈ ಮಾತು ಈಗ ಯಾಕಂದ್ರೆ, ನಮ್ಮ ಮುಗದದಿಂದ ಧಾರವಾಡದ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಬಿ.ಎ.ಗೆ ಇಂಗ್ಲಿಷ್ ಸಾಹಿತ್ಯ ತಗೊಂಡಾಳ. ರೊಮ್ಯಾಂಟಿಕ್ ಕವಿಗಳಿಂದ ಹಿಡಿದು ಇಂದಿನವರ ತನಕ ಓದಬೇಕು. ‘ಅದರಿಂದ ಏನ್ ಬರ್ತದ? ಬಿಡಿಸಿಬಿಡ್ರಿ’ ಎಂದು ಮನೆಯಲ್ಲಿ ಮಾತು ನಡೆದಿದೆ.

ಏನ್ ಬರ್ತದ, ಕೇಳ್ರಿ. ಅನಂತಮೂರ್ತಿ ಸಂಶೋಧನೆಗೆಂದು ಬರ್ಮಿಂಗ್‌ಹ್ಯಾಮಿಗೆ ಹೋದಾಗ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ನೋಡಿದರು. ಸ್ವೀಡಿಷ್ ಮಾತು, ಕೆಳಗೆ ಇಂಗ್ಲಿಷ್ ಅಕ್ಷರವೂ ಇಲ್ಲ. ಆ ಚಿತ್ರದ ಬಗ್ಗೆ ಅಧ್ಯಾಪಕ ಮಾಲ್ಕಂ ಬ್ರ್ಯಾಡ್‌ಬರಿ ಜೊತೆ ಆಡಿದ ಮಾತೇ ಕಾದಂಬರಿಗೆ ಬೀಜವಾಯಿತು. 1965ರಲ್ಲಿ ‘ಸಂಸ್ಕಾರ’ ಬಂತು. ಸಿನಿಮಾ ನೋಡಿ ಹುಟ್ಟಿದ ಕಥೆ ಮತ್ತೆ ಸಿನಿಮಾ ಆಗಿ, ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿ ಗೆದ್ದಿತು. ಕನ್ನಡಕ್ಕೆ ಅದೇ ಮೊದಲು.

ನಮ್ಮ ಧಾರವಾಡದಲ್ಲಿ ಕಲಿತ ಗೋಕಾಕರನ್ನೇ ನೋಡ್ರಿ. ಆಕ್ಸ್‌ಫರ್ಡ್‌ಗೆ ಹೋಗಿ ಇಂಗ್ಲಿಷ್ ಓದಿದವರು. ಹೈಸ್ಕೂಲಿನಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಲಿ ಎಂದು ವರದಿ ಬರೆದವರೂ ಅವರೇ! ಆ ವರದಿ ಜಾರಿಗೆ ಬರಲಿ ಎಂದು 1982ರಲ್ಲಿ ಅಣ್ಣಾವ್ರು ಬೀದಿಗಿಳಿದದ್ದು ನಿಮಗೆ ಗೊತ್ತೇ ಇದೆ.

ನಾನು ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು. ನಮ್ಮ ಕ್ಲಾಸಿನಲ್ಲಿ ಕವಿತೆ ಓದಲಿಲ್ಲ, ಗೈಡ್ ಓದಿದರು. ಪ್ರಶ್ನೆ ಕೇಳಿದರೆ ‘ಪರೀಕ್ಷೆಗೆ ಬರೋದಿಲ್ಲ, ಕೂತ್ಕೊ’ ಅಂದರು. ವರ್ಡ್ಸ್‌ವರ್ತ್ ಮತ್ತು ಕೋಲ್ರಿಜ್ 1798ರಲ್ಲಿ ತಂದ ‘ಲಿರಿಕಲ್ ಬ್ಯಾಲಡ್ಸ್’ ಬಗ್ಗೆ ನನಗೆ ತಿಳಿದದ್ದು ಕಾಲೇಜು ಬಿಟ್ಟ ಮೇಲೆ. ಹಳ್ಳಿಯ ಬಡವರ ಬದುಕನ್ನು, ಜನ ಆಡುವ ಮಾತಿಗೆ ಹತ್ತಿರದ ಮಾತಿನಲ್ಲಿ, ಕಾವ್ಯಕ್ಕೆ ತಂದ ಪುಸ್ತಕ ಅದು. ನಮ್ಮೂರ ಕುಂಬಾರ ಓಣಿಗೂ ಕಾವ್ಯದೊಳಗೆ ಜಾಗ ಉಂಟು ಅಂತ ಆವತ್ತೇ ಯಾರಾದರೂ ಹೇಳಿದ್ದರೆ!

ಅದಕ್ಕೇ ಆ ಮನೆಯ ಹಿರಿಯರಿಗೆ ಕೈಮುಗಿದು ಹೇಳ್ತೀನಿ: ಕಾಲೇಜು ಬಿಡಿಸಬ್ಯಾಡ್ರಿ. ಮತ್ತೆ ನಿನಗ, ತಂಗಿ: ಗೈಡ್ ಬದಿಗಿಟ್ಟು ಕವಿತೆಯನ್ನೇ ಓದು. ಓದಿದ ಮೇಲೆ ಒಮ್ಮೆ ಮುಗದದ ಕಡೆ ತಿರುಗಿ ನೋಡು. ಕಥೆ ಇಲ್ಲೇ ಕಾದು ಕೂತಾವ.