ಡೀಸೆಲ್ ಕಾರು ಮತ್ತು ಸಣ್ಣ ಪ್ರಯಾಣ

ಈಗಿನ ಡೀಸೆಲ್ ಕಾರುಗಳು ಹಿಂದಿನವುಗಳಂತೆ ಬಾಳಿಕೆ ಬರುವುದಿಲ್ಲವೆಂಬ ದೂರು ಕೇಳಿಬರುತ್ತಿದೆ. ದೂರಿನಲ್ಲಿ ಹುರುಳಿಲ್ಲದಿಲ್ಲ, ಆದರೆ ದೋಷವನ್ನೆಲ್ಲ ಎಂಜಿನಿನ ಮೇಲೆ ಹೊರಿಸುವುದನ್ನು ನಾವು ಒಪ್ಪಲಾರೆವು. ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಓಡಿಸಿ ತೋರಿಸಿದ ಯಂತ್ರದ ತತ್ತ್ವವೇ ಇಂದಿಗೂ ಉಳಿದಿದೆ: ಗಾಳಿಯನ್ನು ಬಲವಾಗಿ ಅದುಮಿದರೆ ಅದು ಕಾಯುತ್ತದೆ, ಕಾದ ಗಾಳಿಯಲ್ಲಿ ಸಿಂಪಡಿಸಿದ ಇಂಧನವು ಕಿಡಿಯ ಹಂಗಿಲ್ಲದೆ ಹೊತ್ತಿಕೊಳ್ಳುತ್ತದೆ. ಇಂದು ಅನೇಕ ತೊಂದರೆಗಳ ಮೂಲವಿರುವುದು ಎಂಜಿನಿನ ಹಿಂದೆ, ಹೊಗೆಯ ಹಾದಿಯಲ್ಲಿ.

ಸಿಂಪಡಿಸಿದ ಇಂಧನದ ನಡುಭಾಗಕ್ಕೆ ಸಾಕಷ್ಟು ಆಮ್ಲಜನಕ ದೊರೆಯದೆ ಮಸಿ ಹುಟ್ಟುತ್ತದೆ. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮವು, ಡೀಸೆಲ್ ಕಾರು ಕಿಲೋಮೀಟರಿಗೆ 4.5 ಮಿಲಿಗ್ರಾಮಿಗಿಂತ ಹೆಚ್ಚು ಕಣಗಳನ್ನು ಹೊರಬಿಡಕೂಡದೆಂದು ವಿಧಿಸಿತು. ಅದಕ್ಕೆ ಹಿಂದೆ ಈ ಮಿತಿ 25 ಆಗಿತ್ತು. ನಿಯಮವು ಸಾಧುವಾದದ್ದೇ, ಮಸಿಯು ಮಕ್ಕಳ ಶ್ವಾಸಕೋಶದಲ್ಲಿ ಕೂರುವುದಕ್ಕಿಂತ ಶೋಧಕದಲ್ಲಿ ಕೂರುವುದು ಲೇಸು. ಆದರೆ ಜೇನುಗೂಡಿನಂತಹ ಆ ಸೆರಾಮಿಕ್ ಶೋಧಕ ತುಂಬಿದಾಗ ಮಸಿಯನ್ನು ಅಲ್ಲಿಯೇ ಸುಡಬೇಕು. ಅದು ಚುರುಕಾಗಿ ಉರಿಯಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಹೆದ್ದಾರಿಯಲ್ಲಿ ಸತತವಾಗಿ ಓಡುವ ಕಾರಿಗೆ ಇದು ಕಷ್ಟವಲ್ಲ. ಬೆಂಗಳೂರಿನ ಸಂದಣಿಯಲ್ಲಿ ದಿನವೂ ಕೆಲವೇ ಕಿಲೋಮೀಟರು ತೆವಳುವ ಕಾರಿನ ಹೊಗೆ ಅಷ್ಟು ಕಾಯುವುದೆಂತು?

ಆಗ ಎಂಜಿನು ಹೆಚ್ಚಿನ ಡೀಸೆಲನ್ನು ತಡವಾಗಿ ಸಿಂಪಡಿಸಿ ಹೊಗೆಯನ್ನು ಕಾಯಿಸಲು ತೊಡಗುತ್ತದೆ. ಇದನ್ನರಿಯದ ಚಾಲಕನು ಮನೆ ಬಂದಿತೆಂದು ಎಂಜಿನನ್ನು ನಿಲ್ಲಿಸುತ್ತಾನೆ. ಸುಡುವ ಕಾರ್ಯ ಅರ್ಧಕ್ಕೇ ನಿಲ್ಲುತ್ತದೆ. ಉರಿಯದ ಡೀಸೆಲಿನ ಒಂದಂಶ ಸಿಲಿಂಡರಿನ ಗೋಡೆಯಿಂದಿಳಿದು ಕೀಲೆಣ್ಣೆಯೊಡನೆ ಬೆರೆಯುತ್ತದೆ. ಇದು ಮತ್ತೆ ಮತ್ತೆ ನಡೆದರೆ ಎಣ್ಣೆಯ ಮಟ್ಟ ಏರುತ್ತದೆ. (ಎಣ್ಣೆ ಖರ್ಚಾಗಲಿಲ್ಲವೆಂದು ಹಿಗ್ಗುವವರೂ ಉಂಟು!) ತೆಳುವಾದ ಎಣ್ಣೆಯಲ್ಲಿ ಬೇರಿಂಗುಗಳೂ ಟರ್ಬೊ ಯಂತ್ರವೂ ಸವೆಯತೊಡಗುತ್ತವೆ.

ಕೊಳ್ಳುವವರು ಮೈಲೇಜು ಎಷ್ಟೆಂದು ಕೇಳುತ್ತಾರೆ, ಮಾರುವವರು ಹೇಳುತ್ತಾರೆ. ದಿನಕ್ಕೆ ಎಷ್ಟು ದೂರ ಓಡಿಸುವಿರಿ ಎಂದು ಮಾರುವವರು ಕೇಳುವುದು ವಿರಳ. ವಿಷಯವು ಕೈಪಿಡಿಯಲ್ಲಿದೆಯೆಂಬುದು ಸಮರ್ಪಕವಾದ ಉತ್ತರವಲ್ಲ. ಕೈಪಿಡಿ ಕೈಗೆ ಬರುವುದು ಹಣ ಕೊಟ್ಟ ಮೇಲೆ. ನಗರದೊಳಗೆ ಮಾತ್ರ ಓಡಾಡುವವರಿಗೆ ಪೆಟ್ರೋಲ್ ಕಾರೇ ಯೋಗ್ಯವೆಂದು ಅಂಗಡಿಯಲ್ಲಿಯೇ ತಿಳಿಸಬೇಕು. ಕೆಲವರು ರೋಸಿಹೋಗಿ ಶೋಧಕವನ್ನೇ ಕಿತ್ತುಹಾಕಿಸುತ್ತಾರೆ; ತಮ್ಮ ಖರ್ಚನ್ನು ಬೀದಿಯವರ ಎದೆಗೆ ವರ್ಗಾಯಿಸುವ ಈ ಉಪಾಯವನ್ನು ನಾವು ಖಂಡಿಸುತ್ತೇವೆ. ಹಲವು ಕಾರುಗಳಲ್ಲಿ ಶೋಧಕವು ಬಹುಮಟ್ಟಿಗೆ ಕಟ್ಟಿಕೊಂಡ ಮೇಲೆಯೇ ಎಚ್ಚರಿಕೆಯ ದೀಪ ಹೊತ್ತುತ್ತದೆ. ಸುಡುವ ಕಾರ್ಯ ಮೊದಲಾದೊಡನೆಯೇ ಅದು ಹೊತ್ತಿದರೆ, ಚಾಲಕನು ಇನ್ನೂ ಹತ್ತು ಹದಿನೈದು ನಿಮಿಷ ಕಾರನ್ನು ಓಡಿಸಿಯಾನು.