ಬಚ್ಚಲುಮನೆಯಿಂದ ಬಂದ ಸಂಗೀತ

ಮಗನಿಗೆ 24 ವರ್ಷ. ಓದು ಮುಂದುವರಿಸಲಿಲ್ಲ, ಕೈಯಲ್ಲಿ ಕೆಲಸವೂ ಇಲ್ಲ. ಒಡಹುಟ್ಟಿದವಳ ಮನೆ ಸೇರಿಕೊಂಡು, ಬಚ್ಚಲುಮನೆಯ ಬಾಗಿಲು ಹಾಕಿ ದಿನವಿಡೀ ಗಿಟಾರ್ ಮೀಟುತ್ತಾನೆ. ಅದೂ ಒಂದೇ ಹಾಡಿನ ಒಂದೇ ಸಾಲು, ಮತ್ತೆ ಮತ್ತೆ. ಯಾವ ತಂದೆ ತಾಯಿ ತಾನೇ ಗಾಬರಿಯಾಗುವುದಿಲ್ಲ ಹೇಳಿ?

ಬ್ರೆಜಿಲ್ ದೇಶದ ಜೊವಾವ್ ಜಿಲ್ಬರ್ಟೊನ ಮನೆಯವರೂ ಗಾಬರಿಯಾದರು. ತಂದೆ ಜುವಾಜೇರೊ ಎಂಬ ಊರಿನ ಅನುಕೂಲಸ್ಥ ವ್ಯಾಪಾರಿ. ಮಗ 1950ರಲ್ಲಿ ರಿಯೊ ಡಿ ಜನೈರೊಗೆ ಹೋಗಿ ಹಾಡುವ ತಂಡವೊಂದನ್ನು ಸೇರಿದ್ದ. ಹೊತ್ತಿಗೆ ಸರಿಯಾಗಿ ಬಾರದೆ ಅದನ್ನೂ ಕಳೆದುಕೊಂಡ. ಈಗ ನೋಡಿದರೆ ಹಾಡುವುದೋ ಪಿಸುಗುಟ್ಟುವುದೋ ತಿಳಿಯದ ದನಿ! ಕೊನೆಗೆ ಮನೆಯವರು ಆತನನ್ನು ಸಾಲ್ವಡಾರ್ ನಗರದ ಮಾನಸಿಕ ತಜ್ಞರ ಬಳಿಗೆ ಕಳಿಸಿದರು. ಅವರು ಪರೀಕ್ಷಿಸಿ ಬೇಗನೆ ಬಿಟ್ಟುಬಿಟ್ಟರು. ತಂದೆಯದು ತಪ್ಪೆಂದು ಹೇಳಲಾಗದು. ಬಚ್ಚಲುಮನೆಯಲ್ಲಿ ಕುಳಿತವರೆಲ್ಲ ಸಂಗೀತಗಾರರಾಗುವುದಿಲ್ಲವಷ್ಟೆ.

ಆದರೆ ಅಲ್ಲಿ ನಡೆಯುತ್ತಿದ್ದುದು ಹುಚ್ಚಾಟವಾಗಿರಲಿಲ್ಲ. ಹೆಂಚು ಹಾಸಿದ ಗೋಡೆ ದನಿಯನ್ನು ಹಿಂದಿರುಗಿಸುತ್ತದೆ. ತೀರಾ ಮೆಲ್ಲಗೆ ಮೀಟಿದರೂ ಪ್ರತಿ ಸ್ವರ ಸ್ಪಷ್ಟವಾಗಿ ಕೇಳುತ್ತದೆ. ಬ್ರೆಜಿಲ್‌ನ ಸಾಂಬಾ ಎಂದರೆ ಬೀದಿ ತುಂಬುವ ಡೋಲುಗಳ ಅಬ್ಬರ. ಜೊವಾವ್ ಆ ಅಬ್ಬರವನ್ನೆಲ್ಲ ಒಂದು ಕೈಯೊಳಗೆ ತಂದ. ಹೆಬ್ಬೆರಳು ದೊಡ್ಡ ಡೋಲಿನಂತೆ ಒಂದೇ ಸಮನೆ ಹೆಜ್ಜೆ ಹಾಕುತ್ತದೆ. ಉಳಿದ ಬೆರಳುಗಳು ಒಟ್ಟಿಗೆ ತಂತಿಗಳನ್ನು ಎಳೆದು, ಬೀಳಬೇಕಾದ ಜಾಗಕ್ಕಿಂತ ತುಸು ಹಿಂದೆ ಮುಂದೆ ಬೀಳುತ್ತವೆ. ಇದರ ಮೇಲೆ ಕಂಪನವಿಲ್ಲದ, ಪಕ್ಕದಲ್ಲಿ ಕುಳಿತು ಮಾತಾಡಿದಂಥ ದನಿ. ಅದು ಗಿಟಾರಿಗೆ ಕಟ್ಟುಬಿದ್ದಿಲ್ಲ. ಹಿಂದೆ ಉಳಿಯುತ್ತದೆ, ಕೈತಪ್ಪಿತು ಎನ್ನುವಷ್ಟರಲ್ಲಿ ಬಂದು ಕೂಡಿಕೊಳ್ಳುತ್ತದೆ. ಕೇಳಲು ಸಲೀಸು, ಹಾಡಲು ಹೊರಟವರಿಗೆ ಮಾತ್ರ ಕಷ್ಟ ಗೊತ್ತು.

1958ರಲ್ಲಿ ಆತ ರಿಯೊದಲ್ಲಿ 'ಶೇಗಾ ಡಿ ಸೌದಾಡಿ' ಹಾಡನ್ನು ಧ್ವನಿಮುದ್ರಿಸಿದ. ಸಂಗೀತ ಆಂಟೋನಿಯೊ ಕಾರ್ಲೋಸ್ ಜೊಬಿಂ ಅವರದು, ಸಾಹಿತ್ಯ ಕವಿಯೂ ರಾಜತಾಂತ್ರಿಕರೂ ಆಗಿದ್ದ ವಿನೀಸಿಯಸ್ ಡಿ ಮೊರಾಯಿಸ್ ಅವರದು. ಕಂಠಕ್ಕೊಂದು, ಗಿಟಾರಿಗೊಂದು ಎರಡು ಮೈಕ್ ಬೇಕೆಂದು ಜೊವಾವ್ ಹಟ ಹಿಡಿದ. ಎರಡು ನಿಮಿಷದ ಹಾಡು, ಅಷ್ಟೆ. 'ಬೊಸ್ಸಾ ನೋವಾ', ಅಂದರೆ ಹೊಸ ಧಾಟಿ, ಎಂಬ ಹೆಸರು ಈ ಬಗೆಯ ಸಂಗೀತಕ್ಕೆ ಅಂಟಿಕೊಂಡಿತು. ಶ್ರುತಿ ತಪ್ಪಿ ಹಾಡುತ್ತಾನೆಂದು ಮೂಗು ಮುರಿದವರೂ ಇದ್ದರು.

ಮರುಳಾದವರು ಹುಡುಗರು. ಬಾಯಿಯಾ ರಾಜ್ಯದ ಪುಟ್ಟ ಊರಿನಲ್ಲಿ 17ರ ಕಯತಾನೊ ವೆಲೋಸೊ ಈ ಹಾಡು ಕೇಳಿದ. ಮುಂದೆ ಜೀವನವಿಡೀ ಜೊವಾವ್‌ನನ್ನು ಗುರುವೆಂದೇ ಕೊಂಡಾಡಿದ. ಅದೇ ವಯಸ್ಸಿನ ಜಿಲ್ಬರ್ಟೊ ಜಿಲ್ ಅಕಾರ್ಡಿಯನ್ ನುಡಿಸುತ್ತಿದ್ದವನು, ರೇಡಿಯೊದಲ್ಲಿ ಈ ದನಿ ಕೇಳಿ ಗಿಟಾರ್ ಹಿಡಿದ. ಸರ್ಕಾರವನ್ನು ಸೈನ್ಯ ವಶಪಡಿಸಿಕೊಂಡಿದ್ದ ಕಾಲದಲ್ಲಿ, 1968ರ ಡಿಸೆಂಬರ್‌ನಲ್ಲಿ, ಇಬ್ಬರೂ ಜೈಲು ಸೇರಿದರು. ಬಳಿಕ ದೇಶ ಬಿಟ್ಟು ಲಂಡನ್ನಿನಲ್ಲಿ ಇರಬೇಕಾಯಿತು. ಅದೇ ಜಿಲ್ 2003ರಲ್ಲಿ ಬ್ರೆಜಿಲ್‌ನ ಸಂಸ್ಕೃತಿ ಸಚಿವರಾದರು.

ಸಾವೊ ಪಾಲೊದ ಚೀಕೊ ಬುವಾರ್ಕಿ ಕಥೆ ಇನ್ನೂ ಸ್ವಾರಸ್ಯ. ತಂದೆ ಹೆಸರಾಂತ ಇತಿಹಾಸಕಾರರು. ಮಗ ಆ ಧ್ವನಿಮುದ್ರಿಕೆಯನ್ನು ಸವೆಯುವಷ್ಟು ಕೇಳಿದ, ವಾಸ್ತುಶಿಲ್ಪದ ಕಾಲೇಜು ಸೇರಿದ, ಅರ್ಧಕ್ಕೇ ಬಿಟ್ಟು ಹಾಡುಗಾರನಾದ. ಸಾಲದ್ದಕ್ಕೆ ಆತನ ಅಕ್ಕ ಮಿಯೂಷಾ ಜೊವಾವ್‌ನನ್ನೇ ಮದುವೆಯಾದಳು!

ಅಮೆರಿಕ ಗೆದ್ದ ಕಥೆ ಎಲ್ಲರಿಗೂ ಗೊತ್ತು. 1963ರಲ್ಲಿ ಸ್ಯಾಕ್ಸೊಫೋನ್ ವಾದಕ ಸ್ಟಾನ್ ಗೆಟ್ಸ್ ಜೊತೆ ಮಾಡಿದ ಆಲ್ಬಮ್ಮಿಗೆ 1965ರಲ್ಲಿ ಗ್ರ್ಯಾಮಿ ಬಂತು. ಕೀರ್ತಿ ಬಂದ ಮೇಲೂ ಜೊವಾವ್ ಬದಲಾಗಲಿಲ್ಲ. ಸಭಾಂಗಣದ ಏರ್‌ಕಂಡಿಷನರ್ ಗುಂಯ್ ಎಂದರೂ ಸಹಿಸುತ್ತಿರಲಿಲ್ಲ. 2019ರಲ್ಲಿ ತೀರಿಕೊಂಡಾಗ ಆತನಿಗೆ 88 ವರ್ಷ.

ಕೇಳಬೇಕೆನ್ನುವವರು 1959ರ ಮೊದಲ ಆಲ್ಬಮ್ಮಿನಿಂದಲೇ ಆರಂಭಿಸಬಹುದು. 12 ಹಾಡು, ಎಲ್ಲ ಸೇರಿ ಅರ್ಧ ಗಂಟೆಯೂ ಇಲ್ಲ. ಮೊದಲ ಸಲ ಹಾಡು ಕೇಳಿ, ಎರಡನೇ ಸಲ ಆ ಹೆಬ್ಬೆರಳನ್ನು ಮಾತ್ರ ಕೇಳಿ. ಪರೀಕ್ಷೆಯ ದಿನಗಳಲ್ಲೂ ಪಕ್ಕದ ಕೋಣೆಯವರಿಗೆ ತೊಂದರೆಯಾಗದು.