ಸಹಾಯಾರ್ಥ ಸೈಕಲ್ ಯಾತ್ರೆ: ಲೆಕ್ಕ ದಾರಿಯ ಊರಿಗೂ ಸಲ್ಲಬೇಕು

ಹಾಸನದಿಂದ ಈಶಾನ್ಯಕ್ಕೆ ಸುಮಾರು 10 ಕಿಲೋಮೀಟರ್ ದೂರದ ಕೊರವಂಗಲದಲ್ಲಿ ಬೂಚೇಶ್ವರ ದೇವಾಲಯವಿದೆ. ಎರಡನೆಯ ವೀರಬಲ್ಲಾಳನು ಪಟ್ಟವೇರಿದ 1173ರಲ್ಲಿ ಬೂಚಿರಾಜನೆಂಬ ಅಧಿಕಾರಿ ಕಟ್ಟಿಸಿದ ಗುಡಿಯಿದು. ಬೇಲೂರು, ಹಳೇಬೀಡುಗಳ ಜನಸಂದಣಿ ಇಲ್ಲಿಲ್ಲ. ದೂರದ ಸೈಕಲ್ ಯಾತ್ರೆಗೆ ಹೊರಟವರು ಇಳಿದು ದಣಿವಾರಿಸಿಕೊಳ್ಳಲು ತಕ್ಕ ಸ್ಥಳ. ಅದರಲ್ಲಿಯೂ ಪರರ ನೆರವಿಗೆಂದು ಹಣ ಸಂಗ್ರಹಿಸುತ್ತಾ ಹೊರಟವರಿಗೆ ಇಲ್ಲಿ ದಣಿವಾರಿಸಿಕೊಳ್ಳುವುದಕ್ಕಿಂತ ಮಿಗಿಲಾದ ಪಾಠವೊಂದು ದೊರೆಯುತ್ತದೆ.

ಸಹಾಯಾರ್ಥ ಸೈಕಲ್ ಯಾತ್ರೆಯ ಕ್ರಮ ಸರಳವಾದದ್ದು. ಇಬ್ಬರು ಸ್ನೇಹಿತರು ಒಂದು ಸದುದ್ದೇಶವನ್ನು ಆರಿಸಿಕೊಳ್ಳುತ್ತಾರೆ. ಶಾಲೆಯೋ, ಚಿಕಿತ್ಸೆಯೋ, ಗಿಡ ನೆಡುವುದೋ ಆಗಬಹುದು. ಕಿಲೋಮೀಟರಿಗೆ ಇಷ್ಟು ರೂಪಾಯಿಯೆಂದು ಬಂಧುಗಳಿಂದ, ಸಹೋದ್ಯೋಗಿಗಳಿಂದ ಮಾತು ಪಡೆಯುತ್ತಾರೆ. ಬೆಂಗಳೂರಿನ ಕಡೆಯಿಂದ ಹೊರಟು ಹಾಸನ, ಆಲೂರು, ಸಕಲೇಶಪುರ ಹಾದು ಶಿರಾಡಿ ಘಾಟಿಯಿಳಿದು ಮಂಗಳೂರಿನ ಕಡಲ ತಡಿ ಸೇರಿದರೆ ಯಾತ್ರೆ ಮುಗಿಯಿತು. ಉದ್ದೇಶ ಒಳ್ಳೆಯದು, ಶ್ರಮ ನಿಜವಾದದ್ದು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ದಾರಿಯುದ್ದಕ್ಕೂ ನೀರು, ನೆರಳು, ಊಟ ನೀಡಿದ ಊರುಗಳಿಗೆ ಈ ಯಾತ್ರೆಯಿಂದ ಸಲ್ಲಬೇಕಾದದ್ದೇನು?

ಸೈಕಲ್ಲನ್ನು ಹಗುರವಾಗಿ ಕಾಣುವಂತಿಲ್ಲ. ಸ್ನೇಹಿತರು ಜೊತೆಯಾಗಿ ದೂರ ಹೋಗುವುದಕ್ಕೆ ಈ ನಾಡಿನಲ್ಲಿ ಹಿರಿಯ ಪರಂಪರೆಯಿದೆ. 1923ರಲ್ಲಿ ಮುಂಬಯಿಯಿಂದ ಹೊರಟ ಪಾರ್ಸಿ ತರುಣರಲ್ಲಿ ಆದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಂ ಭೂಮಗಾರಾ ಎಂಬ ಮೂವರು ಸೈಕಲ್ಲಿನಲ್ಲಿಯೇ ಪ್ರಪಂಚ ಸುತ್ತಿ 1928ರಲ್ಲಿ ಮರಳಿದರು. 1961ರಲ್ಲಿ ಅಣ್ವಸ್ತ್ರ ವಿರೋಧಿಸಿ ಬರ್ಟ್ರಂಡ್ ರಸೆಲ್ ಸೆರೆಮನೆ ಸೇರಿದ ಸುದ್ದಿಯನ್ನು ಬೆಂಗಳೂರಿನ ಕಾಫಿ ಹೋಟೆಲೊಂದರಲ್ಲಿ ಓದಿದ ಸತೀಶ್ ಕುಮಾರ್ ಮತ್ತು ಇ. ಪಿ. ಮೆನನ್ ಎಂಬ ಇಬ್ಬರು ಗೆಳೆಯರು 1962ರಲ್ಲಿ ದೆಹಲಿಯಿಂದ ಕಾಲ್ನಡಿಗೆಯಲ್ಲಿ ಹೊರಟರು. ಕೈಯಲ್ಲಿ ಹಣವಿಟ್ಟುಕೊಳ್ಳದೆ ನಡೆಯಿರಿ ಎಂಬುದು ವಿನೋಬಾ ಅವರಿಗಿತ್ತ ಸಲಹೆ. ಮಾಸ್ಕೋ, ಪ್ಯಾರಿಸ್, ಲಂಡನ್ ಹಾದು ಅವರು ವಾಷಿಂಗ್ಟನ್ ಮುಟ್ಟಿದರು. ಹಣವಿಲ್ಲದವನು ಪ್ರತಿ ಸಂಜೆಯೂ ಯಾರದಾದರೂ ಬಾಗಿಲಲ್ಲಿ ನಿಲ್ಲಲೇಬೇಕು, ನಿಂತ ಮೇಲೆ ಮಾತಾಡಲೇಬೇಕು. ಆ ಸಲಹೆಯ ತಿರುಳು ಇದೇ.

ಮಲೆನಾಡಿನ ದಾರಿಯಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ಸಕಲೇಶಪುರ, ಆಲೂರಿನ ಕಡೆ ಪಾಳುಬಿದ್ದ ಗದ್ದೆ ವಾಹನದಲ್ಲಿ ಸಾಗುವವನ ಕಣ್ಣಿಗೆ ಸುಂದರ ಹುಲ್ಲುಗಾವಲು. ಸೈಕಲ್ಲಿನಿಂದಿಳಿದು ಬದುವಿನ ಮೇಲೆ ನಿಂತವನನ್ನು ಕೇಳಿದರೆ ಮಾತ್ರ, ಅದು ಆನೆಯ ಕಾಟಕ್ಕೂ ಆಳಿನ ಅಭಾವಕ್ಕೂ ಸೋತು ಬಿಟ್ಟ ಅನ್ನದ ಭೂಮಿಯೆಂದು ತಿಳಿಯುತ್ತದೆ. ಮುಂಗಾರಿನಲ್ಲಿ ಹಾಸನದ ಸುತ್ತಿನ ಆಲೂಗಡ್ಡೆ ಹೊಲವೂ ಹಾಗೆಯೇ. ದೂರಕ್ಕೆ ಅದು ಹಸಿರು ಹಾಸು. ಹತ್ತಿರ ಹೋದವನಿಗೆ ಎಲೆಯ ಅಂಚಿನ ಕಂದು ಮಚ್ಚೆ, ಅಂದರೆ ಮೋಡ ಮುಸುಕಿದ ತಂಪು ಹವೆಯಲ್ಲಿ ಕೆಲವೇ ದಿನಗಳಲ್ಲಿ ಹೊಲವನ್ನೇ ನುಂಗುವ ಅಂಗಮಾರಿ ರೋಗ ಕಾಣುತ್ತದೆ. ಸೈಕಲ್ಲಿನ ಹಿರಿಮೆಯಿರುವುದು ಹೊಗೆಯುಗುಳದಿರುವುದರಲ್ಲಿ ಮಾತ್ರವಲ್ಲ. ದಾರಿಯ ಬದಿಯವನು ಕೂಗಿ ನಿಲ್ಲಿಸಬಹುದಾದ ವೇಗದಲ್ಲಿ ಅದು ಸಾಗುತ್ತದೆ.

ಈ ಗುಣವನ್ನು ಕಳೆದುಕೊಂಡರೆ ಯಾತ್ರೆಯಲ್ಲಿ ಉಳಿಯುವುದು ಬರಿಯ ಮೆರವಣಿಗೆ. ಹತ್ತು ಸೈಕಲ್ಲಿನ ಹಿಂದೆ ನಾಲ್ಕು ವಾಹನ, ವಾಹನದ ತುಂಬ ನೀರಿನ ಬಾಟಲಿ, ಊರೂರಿನಲ್ಲಿ ಬ್ಯಾನರು, ಛಾಯಾಚಿತ್ರ. ಇಷ್ಟಾದರೆ ಮಲೆನಾಡು ಯಾತ್ರಿಕರ ಬೆವರಿಗೆ ಹಿನ್ನೆಲೆಯ ಪರದೆಯಾಗುತ್ತದೆಯೇ ಹೊರತು ಮಾತಾಡುವ ನೆಲವಾಗುವುದಿಲ್ಲ. ಇಬ್ಬರೇ ಹೊರಟರೆ ಬೆಂಗಾವಲು ಬೇಕಾಗುವುದಿಲ್ಲ. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬ ಮದ್ದು ತರುತ್ತಾನೆ. ಎಂತಹ ಬಡ ಮನೆಯೂ ಇಬ್ಬರಿಗೆ ಒಂದು ಹೊತ್ತಿನ ಊಟ ಬಡಿಸಬಲ್ಲದು.

ಇನ್ನು ಹಣದ ಮಾತು. ಯಾತ್ರಿಕರ ಊಟ, ವಸತಿ, ಸೈಕಲ್ಲಿನ ಖರ್ಚು ದಾನದ ಹಣದಿಂದಲೇ ಹೋದರೆ ದಾನಿ ಕೊಟ್ಟದ್ದು ಯಾರಿಗೆ? ಹೊರನಾಡಿನ ಒಂದು ನಿದರ್ಶನ ಇಲ್ಲಿ ಸಲ್ಲುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಬಿಲ್ಲಿ ಸ್ಟಾರ್ ಎಂಬಾತ 1980ರಲ್ಲಿ 36 ಮಂದಿ ಸವಾರರೊಡನೆ ಆರಂಭಿಸಿದ ಪ್ಯಾನ್-ಮಾಸ್ ಚಾಲೆಂಜ್ ಎಂಬ ಸೈಕಲ್ ಯಾತ್ರೆ, ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗಾಗಿ ಮೊದಲ ವರ್ಷ ಸಂಗ್ರಹಿಸಿದ್ದು 10,200 ಡಾಲರ್. 2024ರ ಹೊತ್ತಿಗೆ ಒಟ್ಟು ಮೊತ್ತ 100 ಕೋಟಿ ಡಾಲರ್ ದಾಟಿತು. ಸವಾರರು ಸಂಗ್ರಹಿಸಿದ ಹಣವೆಲ್ಲವೂ ಆ ಸಂಸ್ಥೆಗೇ ಸೇರಬೇಕು, ಯಾತ್ರೆಯ ವೆಚ್ಚಕ್ಕೆ ಬೇರೆ ಮೂಲವಿರಬೇಕು ಎಂಬ ನಿಯಮ ಅಲ್ಲಿ ನೆಲೆಗೊಂಡಿದೆ. ದಾನದ ಚೀಲ ಬೇರೆ, ದಾರಿಖರ್ಚಿನ ಚೀಲ ಬೇರೆ ಎಂಬ ಈ ನಿಯಮ ಇಬ್ಬರು ಹೊರಟ ಯಾತ್ರೆಗೂ ಸಲ್ಲುವಂಥದು.

ಕೊರವಂಗಲದ ಪಾಠ ಇಲ್ಲಿಯೇ ಇರುವುದು. ಬೂಚಿರಾಜನ ಕಾಲದ ದಾನಶಾಸನಗಳನ್ನು ನೋಡಿದರೆ, ಅವುಗಳಲ್ಲಿ ಕೊಟ್ಟವನ ಹೊಗಳಿಕೆ ಧಾರಾಳವಾಗಿರುವುದು ನಿಜ. ಆದರೆ ಶಾಸನ ಹೊಗಳಿಕೆಗೆ ನಿಲ್ಲುವುದಿಲ್ಲ. ಯಾವ ಗದ್ದೆ, ಯಾವ ಬೆದ್ದಲು, ಅದರ ಎಲ್ಲೆ ಎಲ್ಲಿಂದ ಎಲ್ಲಿಯವರೆಗೆ, ಅದರ ಉತ್ಪತ್ತಿ ಯಾವ ಕಾರ್ಯಕ್ಕೆ ಎಂಬುದನ್ನು ಹೆಸರಿಸುತ್ತದೆ. ಖಂಡಸ್ಫುಟಿತ ಜೀರ್ಣೋದ್ಧಾರವೆಂದು, ಒಡೆದದ್ದು ಸಡಿಲಿದ್ದನ್ನು ದುರಸ್ತಿ ಮಾಡುವುದಕ್ಕೂ ಮೊದಲೇ ಭಾಗವಿಡುತ್ತದೆ. ಕೊಟ್ಟದ್ದನ್ನು ಕಿತ್ತುಕೊಳ್ಳುವವನಿಗೆ ಶಾಪವನ್ನೂ ಸೇರಿಸುತ್ತದೆ. ಇದೆಲ್ಲವೂ ದಾನ ನಡೆದ ಊರಿನಲ್ಲಿಯೇ, ಆ ಊರಿನ ಭಾಷೆಯಲ್ಲಿ, ಕಲ್ಲಿನ ಮೇಲೆ. ಎಂಟು ಶತಮಾನಗಳ ಹಿಂದೆ ಸಾಧ್ಯವಾಗಿದ್ದ ಲೆಕ್ಕ ಇಂದಿನ ಯಾತ್ರಿಕರಿಗೆ ಅಸಾಧ್ಯವಾಗಲಾರದು.

ಉದ್ದೇಶದ ಆಯ್ಕೆಯಲ್ಲಿಯೂ ದಾರಿಯ ಊರುಗಳಿಗೆ ಮಾತಿರಬೇಕು. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡಲಾರಂಭಿಸಿತು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. ಹೈಸ್ಕೂಲು ದೂರವಿರುವ ಹಳ್ಳಿಗಳಲ್ಲಿ ಒಂದು ಸೈಕಲ್ ಹೆಣ್ಣುಮಗುವಿನ ಓದನ್ನು ಉಳಿಸಬಲ್ಲದು. ಆದರೆ ಏರುದಾರಿಯಲ್ಲಿ ಚೈನು ತುಂಡಾದರೆ, ಇಳಿಜಾರಿನಲ್ಲಿ ಬ್ರೇಕು ಸವೆದರೆ, ಪಂಚರ್ ಹಾಕುವ ಅಂಗಡಿ ಪೇಟೆಯಲ್ಲಿ ಮಾತ್ರವಿದ್ದರೆ, ಆ ಸೈಕಲ್ ಕೊಟ್ಟಿಗೆಯ ಮೂಲೆ ಸೇರುತ್ತದೆ. ನೂರು ಹೊಸ ಸೈಕಲ್ ಹಂಚಿ ಹೊರಟುಹೋಗುವುದಕ್ಕಿಂತ, ಊರಿನ ಒಬ್ಬ ತರುಣನಿಗೆ ದುರಸ್ತಿ ಕಲಿಸಿ ಪಂಪು, ಪಾನಾ, ಟಯರು, ಟ್ಯೂಬುಗಳ ಪುಟ್ಟ ಸಂಗ್ರಹವನ್ನು ಶಾಲೆಯಲ್ಲಿಟ್ಟುಹೋಗುವುದು ಮೇಲು. ಜೀರ್ಣೋದ್ಧಾರಕ್ಕೆ ಭಾಗವಿಡದ ದಾನ ಅರ್ಧ ದಾನ. ಸಸಿ ನೆಡುವವರಿಗೂ ಇದೇ ಮಾತು: ಮೂರು ಬೇಸಿಗೆ ನೀರೆರೆದು ದನಕರುಗಳಿಂದ ಕಾಯುವವರನ್ನು ಗೊತ್ತುಮಾಡದೆ ನೆಟ್ಟ ಸಸಿ ಛಾಯಾಚಿತ್ರದಲ್ಲಷ್ಟೇ ಬೆಳೆಯುತ್ತದೆ.

ಯಾತ್ರೆಯೇಕೆ, ಹಣವನ್ನು ನೇರವಾಗಿ ಕಳುಹಿಸಬಾರದೇ ಎಂದು ಕೇಳುವವರುಂಟು. ಕೇಳತಕ್ಕ ಮಾತೇ. ದಣಿವೊಂದೇ ಯಾತ್ರೆಯ ಫಲವಾದರೆ ಹಣ ಕಳುಹಿಸುವುದೇ ಒಳಿತು. ಆದರೆ 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ನಾಡಿನೆಲ್ಲೆಡೆಯಿಂದ ಹರಿದುಬಂದ ನೆರವಿನಲ್ಲಿ ಬೇಕಾದದ್ದರ ಜೊತೆಗೆ ಬೇಡವಾದದ್ದೂ ಇತ್ತು. ಕೊಡುವ ಕೈಗೆ ಬೇಡುವ ಬಾಯಿಯ ಮಾತು ಕೇಳಿಸದಿದ್ದರೆ ಹಾಗಾಗುತ್ತದೆ. ಆ ಮಾತನ್ನು ದಾನಿಯ ಕಿವಿಗೆ ಮುಟ್ಟಿಸುವುದು ಸೈಕಲ್ ಯಾತ್ರಿಕ ಮಾಡಬಹುದಾದ ಕೆಲಸ. ಅವನು ತಲುಪಿಸುವ ಸುದ್ದಿಗೆ ಅವನು ತಲುಪಿಸುವ ಹಣಕ್ಕಿಂತ ಹೆಚ್ಚಿನ ಬೆಲೆಯಿದೆ.

ಹೊರಡುವ ವಿದ್ಯಾರ್ಥಿಗಳು ಕೆಲವು ಎಚ್ಚರಗಳನ್ನು ಪಾಲಿಸಬೇಕು. ಆಲೂರು, ಸಕಲೇಶಪುರ, ಬೇಲೂರು ಸೀಮೆಯಲ್ಲಿ ಮುಂಜಾವಿಗೂ ಮುಸ್ಸಂಜೆಗೂ ಸೈಕಲ್ ತುಳಿಯುವುದು ಸಲ್ಲ. ಸದ್ದಿಲ್ಲದೆ ಬರುವ ಸೈಕಲ್ಲನ್ನು ಆನೆಯೂ, ತಿರುವಿನಾಚೆ ನಿಂತ ಆನೆಯನ್ನು ಸವಾರನೂ ಹತ್ತಿರವಾಗುವವರೆಗೆ ಅರಿಯುವುದಿಲ್ಲ. ಮಳೆಗಾಲದಲ್ಲಿ ಶಿರಾಡಿಯನ್ನು ಇಳಿಯುವ ಸಾಹಸ ಬೇಡ. ಸಕಲೇಶಪುರದ ದೊಡ್ಡತಪ್ಪಲು ಬಳಿ 2024ರ ಜುಲೈನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನು ಮರೆಯುವಂತಿಲ್ಲ. ಮಳೆ ಪೂರ್ತಿ ಹಿಂದೆ ಸರಿದ ಮೇಲೆ, ಹಗಲಿನಲ್ಲಿ, ಊರಿನವರನ್ನು ದಾರಿ ಕೇಳಿಕೊಂಡು ಸಾಗುವುದು ಕ್ಷೇಮ.

ಊರಿನವರಿಗೂ ಒಂದು ಕರ್ತವ್ಯವಿದೆ. ಅತಿಥಿಗೆ ಮಜ್ಜಿಗೆ ಕೊಟ್ಟು ಕಳುಹಿಸುವುದು ಮಲೆನಾಡಿನ ರೂಢಿ. ಆ ಮಜ್ಜಿಗೆಯ ಜೊತೆಗೆ ಮೂರು ಪ್ರಶ್ನೆಗಳನ್ನೂ ಕೊಡಬೇಕು: ಹಣ ಎಷ್ಟು ಕೂಡಿತು? ಯಾರಿಗೆ ಸಲ್ಲುತ್ತದೆ? ಮುಂದಿನ ವರ್ಷ ಅದನ್ನು ನೋಡಿಕೊಳ್ಳುವವರು ಯಾರು? ಕೇಳುವುದರಲ್ಲಿ ಅಗೌರವವಿಲ್ಲ. ಉತ್ತರವುಳ್ಳ ಯಾತ್ರಿಕನಿಗೆ ಅದರಿಂದ ಹೆಮ್ಮೆಯೇ ಆಗುತ್ತದೆ. ಉತ್ತರವಿಲ್ಲದವನು ಮುಂದಿನ ಊರು ತಲುಪುವುದರೊಳಗೆ ಯೋಚಿಸಲು ತೊಡಗುತ್ತಾನೆ.

ಯಾತ್ರೆ ಮುಗಿದ ತಿಂಗಳೊಳಗೆ ಒಂದು ಹಾಳೆಯಲ್ಲಿ ಜಮಾ ಖರ್ಚು ಬರೆದು, ತಂಗಿದ ಪ್ರತಿಯೊಂದು ಊರಿನ ಶಾಲೆಗೋ ಗ್ರಾಮ ಪಂಚಾಯಿತಿಗೋ ಅಂಚೆಯಲ್ಲಿ ಕಳುಹಿಸಿದರೆ ಸಾಕು. ಕಲ್ಲಿನಲ್ಲಿ ಕೆತ್ತಿಸಬೇಕಾಗಿಲ್ಲ. ಸೂಚನಾ ಫಲಕದ ಮೇಲೆ ಅಂಟಿಸಿದ ಆ ಹಾಳೆಯನ್ನು ಎಂಟನೆಯ ತರಗತಿಯ ಹುಡುಗಿಯೊಬ್ಬಳು ನಿಂತು ಓದಿದರೆ, ಅಂದಿಗೆ ಆ ಯಾತ್ರೆ ಊರು ಮುಟ್ಟಿತೆಂದು ತಿಳಿಯಬೇಕು.